ಮುತ್ಯಾನ ರೀಲು

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದ ಮೇಲೆ ನಾನು ಒಂದು ವಾರ ಅವರ ಕಣ್ಣಿಗೆ ಬೀಳದಂತೆ ತಿರುಗಿದೆ. ನನ್ನ ಸಹಪಾಠಿಗಳು ಅಷ್ಟರಲ್ಲಿ ದೊಡ್ಡ ದೊಡ್ಡ ವಿಷಯಗಳನ್ನೆಲ್ಲ ಹಂಚಿಕೊಂಡುಬಿಟ್ಟಿದ್ದರು. ಒಬ್ಬನು ಮಳಖೇಡದ ರಾಷ್ಟ್ರಕೂಟರನ್ನು ಹಿಡಿದುಕೊಂಡಿದ್ದನು. ಒಬ್ಬಳು ಸನ್ನತಿಯ ಅಶೋಕನ ಶಾಸನವನ್ನು ತನ್ನದಾಗಿ ಮಾಡಿಕೊಂಡಿದ್ದಳು. ಮತ್ತೊಬ್ಬನಿಗೆ ವಚನ ಸಾಹಿತ್ಯದಲ್ಲಿ ಕಾಯಕ ತತ್ತ್ವ ದೊರಕಿತ್ತು. ನನ್ನ ಪಾಲಿಗೆ ಉಳಿದದ್ದು ನಮ್ಮ ಮನೆಯ ಗೂಡಿನಲ್ಲಿದ್ದ, ಮೀನು ಹಿಡಿಯುವ ಒಂದು ಹಳೆಯ ರೀಲು ಮಾತ್ರ.

ಇದೇನು, ಕಾಲೇಜಿನ ಪತ್ರಿಕೆಯಲ್ಲಿ ಮೀನು ಹಿಡಿಯುವ ಮಾತೆ ಎಂದು ಓದುಗರು ಹುಬ್ಬೇರಿಸುವುದು ಬೇಡ. ಈ ಪ್ರಬಂಧದಲ್ಲಿ ಒಂದು ಮೀನೂ ಸಾಯುವುದಿಲ್ಲವೆಂದು ಮೊದಲೇ ಭರವಸೆ ಕೊಡುತ್ತೇನೆ. ಕೆಟ್ಟದ್ದನ್ನು ಬಿಚ್ಚುವುದು, ಬಿಚ್ಚಿದ್ದನ್ನು ಮುರಿಯುವುದು, ಮುರಿದದ್ದನ್ನು ಮುಚ್ಚಿಡುವುದು, ಕೊನೆಗೆ ಹೇಗೋ ಸರಿಪಡಿಸುವುದು, ಇಷ್ಟೇ ಇದರ ಕಥಾವಸ್ತು.

ಮುತ್ಯಾ ಎಂದರೆ ನನ್ನ ತಂದೆಯ ತಂದೆ. ನಮ್ಮ ಕಡೆ ಮುತ್ಯಾನನ್ನು ಏಕವಚನದಲ್ಲಿಯೇ ಕರೆಯುವ ರೂಢಿ; ಬಹುವಚನ ಹಚ್ಚಿದರೆ ಅವನಿಗೇ ಸಿಟ್ಟು ಬರುತ್ತದೆ. ಆದುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ, ಗುರುಗಳು ಮನ್ನಿಸಬೇಕು. ಮುತ್ಯಾ ಶಹಾಬಾದಿನ ಕಾರ್ಖಾನೆಯೊಂದರಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಸೇಡಮ್ಮಿನ ನಮ್ಮ ಮನೆಗೆ ಬಂದು ನೆಲೆಸಿದ. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಅರದ ಪೆಟ್ಟಿಗೆ ಮತ್ತು ಈ ರೀಲು.

ರೀಲಿಗೂ ಒಂದು ಪೂರ್ವಕಥೆಯುಂಟು. ಯಂತ್ರ ಕೂಡಿಸುವುದಕ್ಕೆಂದು ಹೊರದೇಶದಿಂದ ಬಂದಿದ್ದ ಇಂಜಿನಿಯರರೊಬ್ಬರು ರವಿವಾರಗಳಲ್ಲಿ, ಕಾಗಿಣಾ ನದಿಯು ಭೀಮೆಯನ್ನು ಕೂಡುವ ಹೊನಗುಂಟದ ಕಡೆಗೆ ಗಾಳ ಹಾಕಲು ಹೋಗುತ್ತಿದ್ದರಂತೆ. ಒಮ್ಮೆ ರೀಲಿನಲ್ಲಿ ಉಸುಕು ಹೊಕ್ಕು ಅದು ನಿಂತುಹೋಯಿತು. ಮುತ್ಯಾ ಊಟದ ಬಿಡುವಿನಲ್ಲಿ ಅದನ್ನು ಬಿಚ್ಚಿ, ತೊಳೆದು, ಕೂಡಿಸಿ ಕೊಟ್ಟ. 1974ರಲ್ಲಿ ಆ ಸಾಹೇಬರು ತಮ್ಮ ದೇಶಕ್ಕೆ ಮರಳುವಾಗ ಗಾಳದ ಕೋಲನ್ನೂ ರೀಲನ್ನೂ ಮುತ್ಯಾನ ಕೈಯಲ್ಲಿಟ್ಟು ಹೋದರು. “ಅಂವಗ ನನ್ನ ಮಾತು ತಿಳೀತಿರಲಿಲ್ಲ, ನನಗ ಅಂವನ ಮಾತು ತಿಳೀತಿರಲಿಲ್ಲ. ಇಬ್ಬರಿಗೂ ಇದರ ಮಾತು ತಿಳೀತಿತ್ತು,” ಎಂದು ಮುತ್ಯಾ ಈಗಲೂ ಹೇಳುತ್ತಾನೆ.

ರೀಲು ಕೆಂಪು ಬಣ್ಣದ್ದು, ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರದ್ದು. ಸ್ವೀಡನ್ ದೇಶದ ಆಬು ಕಂಪನಿಯದು. ಹೆಸರು ‘ಅಂಬಾಸಡರ್ 5000’. ಈ ಹೆಸರನ್ನು ಕೇಳಿದ ನಮ್ಮ ಬೀಗರೊಬ್ಬರು ಮುತ್ಯಾನ ಹತ್ತಿರ ಮೋಟಾರು ಕಾರು ಇದೆಯೆಂದು ಬಹುಕಾಲ ನಂಬಿದ್ದರು. ಆ ಕಂಪನಿ 1921ರಲ್ಲಿ ಶುರುವಾದದ್ದು ಕಿಸೆಯಲ್ಲಿಡುವ ಗಡಿಯಾರಗಳನ್ನು ಮಾಡುವುದಕ್ಕೆ. ಆಮೇಲೆ ರೀಲುಗಳ ಕಡೆಗೆ ತಿರುಗಿತು. ಈ ಮಾದರಿಯನ್ನು 1952ರಲ್ಲಿ ಹೊರತಂದಿತು. ಗಡಿಯಾರಕ್ಕೂ ಮೀನಿನ ರೀಲಿಗೂ ಇರುವ ನಂಟು ಇನ್ನೂ ಹಳೆಯದು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಕೆಂಟಕಿ ಪ್ರಾಂತದಲ್ಲಿ ಇಂಥ ಹಲ್ಲುಗಾಲಿಯ ರೀಲುಗಳನ್ನು ಮಾಡತೊಡಗಿದವರು ಗಡಿಯಾರ ರಿಪೇರಿಯವರೇ. ಹಿಡಿಕೆ ಒಂದು ಸುತ್ತು ತಿರುಗಿದರೆ ದಾರದ ಉರುಳೆ ಮೂರಕ್ಕೂ ಹೆಚ್ಚು ಸುತ್ತು ತಿರುಗುವ ಹಾಗೆ ಮಾಡಲು ಹಲ್ಲುಗಾಲಿಗಳ ಲೆಕ್ಕ ಬೇಕು. ಆ ಲೆಕ್ಕ ಅವರ ಕೈಯಲ್ಲಿತ್ತು.

ಇನ್ನು ಈ ರೀಲಿನ ವಿಶೇಷಕ್ಕೆ ಬರುತ್ತೇನೆ. ಗಾಳಿಪಟದ ದಾರವನ್ನು ಡಬ್ಬಿಗೆ ಸುತ್ತುವ ಹುಡುಗನನ್ನು ನೀವು ನೋಡಿದ್ದೀರಿ. ಒಂದೇ ಜಾಗದಲ್ಲಿ ಸುತ್ತಿದರೆ ದಾರ ಗುಡ್ಡೆಯಾಗಿ, ಜಾರಿ, ಸಿಕ್ಕಾಗುತ್ತದೆ. ಅದಕ್ಕಾಗಿ ಅವನು ಕೈಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಸುತ್ತುತ್ತಾನೆ. ರೀಲಿನಲ್ಲಿ ಆ ಕೈಯ ಕೆಲಸವನ್ನು ಒಂದು ಲೋಹದ ಕಣ್ಣು ಮಾಡುತ್ತದೆ. ದಾರ ಆ ಕಣ್ಣಿನೊಳಗಿಂದ ಹಾದು ಉರುಳೆಗೆ ಹೋಗುತ್ತದೆ. ಹಿಡಿಕೆ ತಿರುಗಿಸಿದಂತೆಲ್ಲ ಕಣ್ಣು ಈ ತುದಿಯಿಂದ ಆ ತುದಿಗೆ ಹೋಗಿ, ತಾನಾಗಿಯೇ ಹಿಂದಿರುಗುತ್ತದೆ. ಇದಕ್ಕೆ ‘ಲೆವೆಲ್ ವಿಂಡ್’ ಎನ್ನುತ್ತಾರೆ. ಇದಕ್ಕೆ ಪೇಟೆಂಟು ಪಡೆದು 1897ರಲ್ಲಿ ಅಮೆರಿಕದ ಕಲಮಜೂ ಎಂಬ ಊರಿನಲ್ಲಿ ಕಂಪನಿ ತೆರೆದವರ ಹೆಸರು ವಿಲಿಯಂ ಶೇಕ್ಸ್‌ಪಿಯರ್! ಈ ಮಾತನ್ನು ಇಂಗ್ಲಿಷ್ ತರಗತಿಯಲ್ಲಿ ನಾನು ಹೇಳಿದಾಗ ಎದ್ದ ನಗೆ ನಿಲ್ಲಲು ಐದು ನಿಮಿಷ ಬೇಕಾಯಿತು. ಆದರೂ ಅದು ಸತ್ಯ. ನಾಟಕದವರು ಬೇರೆ, ಇವರು ಬೇರೆ.

ಉರುಳೆಯ ಮುಂದೆ ಅಡ್ಡಲಾಗಿ ಒಂದು ಸಲಾಕೆ ಇದೆ. ಅದರ ಮೈಮೇಲೆ ಎರಡು ಸುರುಳಿಗೆರೆಗಳನ್ನು ಕೊರೆದಿದ್ದಾರೆ. ಒಂದು ಬಲಕ್ಕೆ ಸಾಗುವುದು, ಇನ್ನೊಂದು ಎಡಕ್ಕೆ. ಅವು ದಾರಿಯುದ್ದಕ್ಕೂ ಒಂದನ್ನೊಂದು ಕತ್ತರಿಸುತ್ತ ಹೋಗಿ, ಎರಡು ತುದಿಗಳಲ್ಲಿ ಒಂದು ತಿರುವಿನ ಮೂಲಕ ಕೂಡಿಕೊಳ್ಳುತ್ತವೆ. ಕಣ್ಣಿನ ಕೆಳಗೆ ಒಂದು ಸಣ್ಣ ಕೀಲು ಇದೆ. ಅದರ ತುದಿ ಬಾಗಿದ ಅಲಗಿನಂತಿದ್ದು ಗೆರೆಯೊಳಗೆ ಕೂತಿರುತ್ತದೆ. ಸಲಾಕೆ ತಿರುಗಿದಾಗ ಆ ಅಲಗು ಗೆರೆ ಹಿಡಿದು ಸಾಗುತ್ತದೆ. ತುದಿ ಮುಟ್ಟಿದಾಗ ತಿರುವಿನಲ್ಲಿ ಹೊರಳಿ ಎರಡನೆಯ ಗೆರೆ ಹಿಡಿದು ಹಿಂದಕ್ಕೆ ಬರುತ್ತದೆ. ಈ ಕೀಲಿಗೆ ಮುತ್ಯಾ ಇಟ್ಟ ಹೆಸರು ‘ಉಗುರು’. ಅದು ಭತ್ತದ ಕಾಳಿಗಿಂತ ತುಸು ದಪ್ಪ, ಅಷ್ಟೇ. ನನ್ನ ಕಥೆಯೆಲ್ಲ ಆ ಉಗುರಿನದೇ.

ಹೋದ ಬೇಸಿಗೆಯಲ್ಲಿ ರೀಲು ಹಟ ಹಿಡಿಯಿತು. ಕಣ್ಣು ಬಲತುದಿಗೆ ಹೋಗಿ ಅಲ್ಲಿಯೇ ನಿಲ್ಲುತ್ತಿತ್ತು. ದಾರವೆಲ್ಲ ಒಂದೇ ಕಡೆ ಗುಡ್ಡೆ ಬೀಳುತ್ತಿತ್ತು. ಆಗ ಮುತ್ಯಾನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವನು ರೀಲನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸಿ ಹೇಳಿದ: “ಗ್ರೀಸು ಒಣಗ್ಯಾದ. ತುದಿಗೆ ಹೊಲಸು ಕೂತದ. ನನ್ನ ಕಣ್ಣಿನ ಆಪರೇಶನ್ ಆಗ್ಲಿ, ಇಬ್ಬರೂ ಕೂಡಿ ಬಿಚ್ಚಮು. ಅಲ್ಲೀತನ ಮುಟ್ಟಬ್ಯಾಡ. ಜೋರು ಮಾಡಬ್ಯಾಡ.”

ಆಪರೇಶನ್ನಿಗೆ ಇನ್ನೂ ಮೂರು ತಿಂಗಳಿತ್ತು. ನನಗೆ ರಜೆ ಇದ್ದುದು ಒಂದೇ ತಿಂಗಳು. ಮುತ್ಯಾ ನಾಲ್ಕು ದಿನ ಅತ್ತೆಯ ಊರಾದ ಚಿಂಚೋಳಿಗೆ ಹೋದಾಗ ನಾನು ರೀಲನ್ನು ಇಳಿಸಿದೆ. ಅವನು ಬರುವಷ್ಟರಲ್ಲಿ ಸರಿಮಾಡಿಟ್ಟು ಬೆರಗುಗೊಳಿಸಬೇಕೆಂಬುದೇ ನನ್ನ ಉದ್ದೇಶ. ಜಗತ್ತಿನ ಅನೇಕ ಅನಾಹುತಗಳು ಇಂಥ ಸದುದ್ದೇಶದಿಂದಲೇ ಆಗಿವೆಯೆಂದು ಇತಿಹಾಸದ ವಿದ್ಯಾರ್ಥಿಯಾದ ನನಗೆ ಆಗ ಹೊಳೆಯಲಿಲ್ಲ.

ಪಕ್ಕದ ಮೂರು ತಿರುಪುಗಳನ್ನು ಬೆರಳಿನಿಂದಲೇ ಸಡಿಲಿಸಿದೆ. ಹಿಡಿಕೆಯ ಕಡೆಯ ತಟ್ಟೆ ಕಳಚಿ ಬಂದಿತು. ಉರುಳೆಯನ್ನು ಹೊರಗೆ ತೆಗೆದೆ. ಒಂದೊಂದು ಹೆಜ್ಜೆಗೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ. ಮನೆಯಲ್ಲಿ ರೇಶನ್ನಿನ ಕಾಲದ ಚಿಮಣಿ ಎಣ್ಣೆ ಒಂದು ಶೀಸೆಯ ತಳದಲ್ಲಿ ಉಳಿದಿತ್ತು. ಹಲ್ಲುಗಾಲಿಗಳನ್ನು ಅದರಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ಕಣ್ಣಿನ ಕೆಳಗಿನ ಪುಟ್ಟ ಟೋಪಿಯನ್ನು ತಿರುವಿ ತೆಗೆದಾಗ ಉಗುರು ಅಂಗೈಗೆ ಉದುರಿತು. ಒರಸಿದೆ. ಸಲಾಕೆಯನ್ನು ಮೇಲೆ ಮೇಲೆ ಒರಸಿದೆ. ಎರಡು ತುದಿಗಳ ತಿರುವಿನಲ್ಲಿ ಹಳೆಯ ಗ್ರೀಸು ಬೆಲ್ಲದ ಪಾಕದಂತೆ ಗಟ್ಟಿಯಾಗಿ ಕೂತಿತ್ತು. ಅದು ಸಲಾಕೆಯ ಬಣ್ಣದ್ದೇ ಆಗಿದ್ದುದರಿಂದ ನನಗೆ ಕಾಣಲಿಲ್ಲ. ಉಗುರನ್ನು ಮತ್ತೆ ಇಟ್ಟು ಟೋಪಿಯನ್ನು ಬಿಗಿಯಾಗಿ ತಿರುವಿದೆ. ಎಲ್ಲವನ್ನೂ ಚಿತ್ರದಲ್ಲಿದ್ದ ಹಾಗೆ ಕೂಡಿಸಿ ಹಿಡಿಕೆಯನ್ನು ತಿರುಗಿಸಿದೆ. ಅದು ತಿರುಗಲಿಲ್ಲ. ಜೋರು ಮಾಡಿದೆ. ‘ಟಕ್’ ಎಂದಿತು. ಹಿಡಿಕೆ ತಿರುಗಿತು, ಬಹಳ ಹಗುರಾಗಿ ತಿರುಗಿತು. ಕಣ್ಣು ಮಾತ್ರ ನಿಂತಲ್ಲೇ ನಿಂತಿತ್ತು.

ಉಗುರಿನ ತುದಿ ಅರ್ಧಕ್ಕೆ ಮುರಿದುಹೋಗಿತ್ತು.

ಆ ಮೇಲಿನ ನಾಲ್ಕು ದಿನಗಳ ನನ್ನ ಸ್ಥಿತಿಯನ್ನು ವರ್ಣಿಸಲಾರೆ. ಮೊದಲು ಅಂತರ್ಜಾಲದಲ್ಲಿ ಹುಡುಕಿದೆ. ಉಗುರುಗಳು ಹೊರದೇಶದಲ್ಲಿ ದೊರೆಯುತ್ತವೆ. ಆದರೆ ನನ್ನ ರೀಲಿಗೆ ಸರಿಹೋಗುವುದು ಯಾವುದೆಂದು ತಿಳಿಯಲಿಲ್ಲ. ಅಂಚೆಯ ಖರ್ಚು ಉಗುರಿನ ಬೆಲೆಯ ಅನೇಕ ಪಟ್ಟು ಇತ್ತು. ಮುತ್ಯಾ ಮರಳಿ ಬಂದ. ರೀಲನ್ನು ನಾನು ಇದ್ದಲ್ಲಿಯೇ ಇಟ್ಟಿದ್ದೆ. ಅವನು ಅದನ್ನು ಮುಟ್ಟಲಿಲ್ಲ, ನಾನು ಹೇಳಲಿಲ್ಲ. ಊಟದ ಹೊತ್ತಿಗೆ ಅವನು “ಯಾಕೋ ತಮ್ಮಾ, ರೊಟ್ಟಿ ಯಾಕ ಒಲ್ಲಿ?” ಎಂದು ಕೇಳಿದರೆ ರೊಟ್ಟಿ ಇನ್ನೂ ಗಂಟಲಿಗೆ ಸಿಗುತ್ತಿತ್ತು. ಕಣ್ಣು ಕಾಣದವನ ಎದುರಿಗೆ ಮುಚ್ಚಿಡುವುದು ಎಷ್ಟು ಸುಲಭವೋ ಅಷ್ಟೇ ಕಷ್ಟವೆಂದು ಆಗ ತಿಳಿಯಿತು.

ಮೊದಲು ನಮ್ಮ ಸೇಡಮ್ಮಿನ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವ ಚಾಚಾ ಅವರ ಹತ್ತಿರ ಹೋದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ರೀಲನ್ನೆಲ್ಲ ನೋಡಿದರು. “ಬೇಟಾ, ಇದು ಗಡಿಯಾರದವರ ಕೈಯ ಕೆಲಸ, ಗೊತ್ತಾಗ್ತದ. ಆದ್ರ ನನ್ನ ಹತ್ರ ಲೇಥ್ ಇಲ್ಲ. ಚಿತಾಪುರದಾಗ ಕೇಳು,” ಎಂದು ತಿರುವಿನಲ್ಲಿದ್ದ ಗಟ್ಟಿ ಗ್ರೀಸನ್ನು ಸೂಜಿಯ ಮೊನೆಯಿಂದ ಎತ್ತಿ ತೋರಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಚಿತಾಪುರದಲ್ಲಿ ಪಂಪು ರಿಪೇರಿಯ ಅಂಗಡಿಯವರು ಉಗುರಿನ ತುಂಡುಗಳನ್ನು ನೋಡಿ ನಕ್ಕು, ಅಂಟು ಹಚ್ಚಿ ಕೂಡಿಸಿಕೊಟ್ಟರು. ಚಿತಾಪುರದಿಂದ ವಾಡಿಗೆ ಗಾಡಿ ಮುಟ್ಟುವಷ್ಟರಲ್ಲಿ ನಾನು ಕೂತಲ್ಲೇ ಒಮ್ಮೆ ತಿರುಗಿಸಿ ನೋಡಿದೆ, ಅಂಟು ಬಿಟ್ಟಿತು. ಅಂಟಿಗೂ ಒಂದು ಯೋಗ್ಯತೆಯ ಮಿತಿಯುಂಟು.

ಸೇಡಂ, ಚಿತಾಪುರಗಳು ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಹಾದಿಯ ಮೇಲಿನ ಊರುಗಳು. ಅದು 1874ರಲ್ಲಿ ತೆರೆದ ನಿಜಾಮರ ಕಾಲದ ಹಾದಿ. ಶಹಾಬಾದಿಗೆ ಹೋಗಬೇಕಾದರೆ ವಾಡಿಯಲ್ಲಿ ಇಳಿದು ಮುಂಬಯಿ ಹಾದಿಯ ಗಾಡಿ ಹಿಡಿಯಬೇಕು. ಗಾಡಿಗೆ ಎರಡು ತಾಸು ಹೊತ್ತಿತ್ತು. ಮೇಲ್ಸೇತುವೆಯ ಮೇಲೆ ನಿಂತು, ಸಿಮೆಂಟ್ ಕಾರ್ಖಾನೆಯ ಚಿಮಣಿಯನ್ನೂ ಕೆಳಗಿನ ಹಳಿಗಳನ್ನೂ ನೋಡುತ್ತಿದ್ದೆ. ಒಂದು ಸರಕು ಗಾಡಿ ಹಳಿಯಿಂದ ಹಳಿಗೆ ದಾಟುತ್ತಿತ್ತು. ಎರಡು ಹಳಿಗಳು ಕತ್ತರಿಸುವ ಕಡೆ ಕಬ್ಬಿಣದಲ್ಲಿ ಸಣ್ಣ ಸಂದು ಇರುತ್ತದೆ. ಗಾಲಿ ಆ ಸಂದನ್ನು ‘ಧಡ್’ ಎಂದು ದಾಟಿ ತನ್ನ ಹಾದಿಯನ್ನೇ ಹಿಡಿಯುತ್ತದೆ, ಪಕ್ಕದ ಹಾದಿಗೆ ಹೋಗುವುದಿಲ್ಲ. ಸಲಾಕೆಯ ಮೇಲೂ ಹೀಗೆಯೇ ಅಲ್ಲವೆ ಎಂದು ಥಟ್ಟನೆ ಹೊಳೆಯಿತು. ಎರಡು ಗೆರೆಗಳು ಕತ್ತರಿಸುವ ಕಡೆಯಲ್ಲೆಲ್ಲ ಉಗುರಿಗೆ ಎರಡು ಹಾದಿ ತೆರೆದಿರುತ್ತವೆ. ಅದು ದಾರಿ ತಪ್ಪದಿರುವುದು ತನ್ನ ಅಲಗಿನ ಉದ್ದದಿಂದ. ಹಿಂದಿನ ತುದಿ ಇನ್ನೂ ಹಳೆಯ ಗೆರೆಯಲ್ಲಿರುವಾಗಲೇ ಮುಂದಿನ ತುದಿ ಸಂದನ್ನು ದಾಟಿ ಆಚೆಯ ದಂಡೆ ಮುಟ್ಟಿರುತ್ತದೆ. ಉಗುರು ಗಿಡ್ಡವಾದರೆ ನಡುದಾರಿಯಲ್ಲಿಯೇ ಹೊರಳಿಬಿಡುತ್ತದೆ. ಇಷ್ಟು ತಿಳಿದದ್ದಕ್ಕೆ ನನಗೆ ಸಂತೋಷವಾಯಿತು. ಆದರೆ ತಿಳಿಯುವುದಕ್ಕೆ ಮೊದಲು ಮುರಿಯಬೇಕಾಯಿತಲ್ಲ ಎಂದು ಹಿಂದೆಯೇ ವ್ಯಸನವೂ ಆಯಿತು.

ಶಹಾಬಾದಿನಲ್ಲಿ ಹಾಸುಗಲ್ಲಿನ ಅಂಗಡಿಗಳ ಸಾಲು ದಾಟಿ, ಒಂದು ಸಣ್ಣ ಲೇಥ್ ಅಂಗಡಿಯನ್ನು ಹುಡುಕಿದೆ. ಒಳಗೆ ಇದ್ದವರು ಅರವತ್ತರ ಆಚೆಯ ಒಬ್ಬ ಕಾಕಾ. ನಾನು ಕಾಗದದ ಪೊಟ್ಟಣ ಬಿಚ್ಚಿ ಉಗುರಿನ ತುಂಡುಗಳನ್ನು ಮುಂದಿಟ್ಟೆ. ಅವರು ಬಾಗಿಲ ಬೆಳಕಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದರು.

“ಇದು ಎಲ್ಲಿ ಸಿಕ್ಕಿತು?”

“ರೀಲಿನ ಕೂಡ ಬಂದದ್ದರೀ, ಕಂಪನಿಯದು.”

“ಕಂಪನೀದಲ್ಲಪ್ಪ. ಹಿತ್ತಾಳಿ ಸಲಾಕಿ ತಗೊಂಡು ಯಾರೋ ಕೈಲೆ ಮಾಡ್ಯಾರ. ಅರದ ಗೀರು ನೋಡಿಲ್ಲಿ. ಎಲ್ಲಾ ಗೀರೂ ಒಂದೇ ಕಡಿಗವ. ಕೈ ನಡುಗಿಲ್ಲ. ಹಿಂತಾ ಕೆಲಸ ಈಗ್ಯಾರು ಮಾಡ್ತಾರ?”

ನನಗೆ ಮಾತು ಹೊರಡಲಿಲ್ಲ. ಆ ಸಾಹೇಬರ ರೀಲಿನ ಮೂಲ ಉಗುರು ಎಂದೋ ಸವೆದುಹೋಗಿರಬೇಕು. ನಾನು ಮುರಿದದ್ದು ಮುತ್ಯಾ ತನ್ನ ಕೈಯಿಂದ ಮಾಡಿದ ಉಗುರು. ಸ್ವೀಡನ್ ದೇಶದ ವಸ್ತುವನ್ನು ಮುರಿದೆನೆಂಬ ಅಳುಕು ಅಲ್ಲಿಯವರೆಗೆ ಇತ್ತು. ಈಗ ಬಂದ ಅಳುಕೇ ಬೇರೆ.

ಕಾಕಾ ಲೇಥಿನ ಮೇಲೆ ಹಿತ್ತಾಳೆಯ ಸಣ್ಣ ಸಲಾಕೆ ಕಟ್ಟಿ, ಕಾಲುಗಂಟೆಯಲ್ಲಿ ಉಗುರಿನ ಗುಂಡು ಕಾಂಡವನ್ನು ಕಡೆದರು. ಮೂರು ಕಾಂಡ ಮಾಡಿದರು. “ಒಂದು ಕೆಡತದ, ಇನ್ನೊಂದೂ ಕೆಡತದ, ಮೂರನೇದು ಆಗ್ತದ,” ಎಂದರು. ತುದಿಯನ್ನೂ ಮಾಡಿಕೊಡಿರಿ ಎಂದು ಅಂಗಲಾಚಿದೆ. ಅವರು ತಲೆಯಲ್ಲಾಡಿಸಿದರು. “ತುದಿ ಲೇಥಿನ ಮ್ಯಾಲ ಆಗೂದಿಲ್ಲ. ಸಲಾಕಿ ಮುಂದಿಟ್ಕೊಂಡು, ಜರಾ ತಿಕ್ಕೂದು, ಕೂಡಿಸಿ ನೋಡೂದು, ಮತ್ತ ಜರಾ ತಿಕ್ಕೂದು. ಈ ಮೊದಲ ಉಗುರು ಮಾಡಿದವರು ಇದ್ದಾರೇನು?”

“ಇದ್ದಾರ್ರೀ.”

“ಮತ್ತ ನನ್ನ ಹತ್ರ ಯಾಕ ಬಂದಿ?”

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಐವತ್ತು ರೂಪಾಯಿ ಕೊಟ್ಟು, ಮೂರು ಕಾಂಡಗಳನ್ನು ಕಿಸೆಯಲ್ಲಿಟ್ಟುಕೊಂಡು ಹೊರಟೆ.

ಆ ರಾತ್ರಿ ಮುತ್ಯಾ ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದ. ನಾನು ಹೋಗಿ ಮುರಿದ ಎರಡು ತುಂಡುಗಳನ್ನು ಅವನ ಅಂಗೈಯಲ್ಲಿಟ್ಟೆ. ಹೇಳಬೇಕೆಂದು ಗಾಡಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳು ಒಂದೂ ಬರಲಿಲ್ಲ. ಅವನು ಹೆಬ್ಬೆರಳಿನಿಂದ ತುಂಡುಗಳನ್ನು ಸವರಿ ನೋಡಿದ. ಬಹಳ ಹೊತ್ತು ಸುಮ್ಮನಿದ್ದ.

“ಸಲಾಕಿ ಮುರಿದಿಯೇನು?” ಎಂದು ಕೇಳಿದ.

“ಇಲ್ಲ ಮುತ್ಯಾ.”

“ಸಲಾಕಿಗಿ ಗೀರು ಬಿದ್ದದೇನು?”

“ಇಲ್ಲ.”

“ಹಂಗಿದ್ರ ಚಿಂತಿ ಇಲ್ಲ. ಉಗುರು ಇರೂದೇ ಸವಿಯೂದಕ್ಕ, ಮುರಿಯೂದಕ್ಕ. ಅದಕ್ಕೇ ನಾ ಹಿತ್ತಾಳೀಲೆ ಮಾಡಿದ್ದು. ಗಟ್ಟಿ ಉಕ್ಕಿನ ಉಗುರು ಇದ್ದಿದ್ರ ಸಲಾಕೀನೇ ತಿಂತಿತ್ತು. ಸಣ್ಣದು ಹೋದ್ರ ಮತ್ತ ಮಾಡಬಹುದು. ದೊಡ್ಡದು ಹೋದ್ರ ಎಲ್ಲಿಂದ ತರ್ತಿ?”

ನನಗೆ ಜೀವ ಬಂದಂತಾಯಿತು. “ತಪ್ಪಾಯ್ತು ಮುತ್ಯಾ,” ಎಂದೆ.

“ಅದು ಇರ್ಲಿ. ಯಾಕ ಮುರೀತು, ಅದು ಹೇಳು.”

“ನೀ ಬ್ಯಾಡಂದ್ರೂ ನಾ ಬಿಚ್ಚಿದೆ.”

“ಅದು ನಿನ್ನ ತಪ್ಪು. ನಾ ಕೇಳ್ಲತ್ತಿದ್ದು ಉಗುರು ಯಾಕ ಮುರೀತು ಅಂತ.”

ಗೆಳೆಯರೆ, ಪರೀಕ್ಷೆಯಲ್ಲಿ ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ತಪ್ಪಾಯಿತೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ತಪ್ಪು ಹೇಗಾಯಿತೆಂದು ಹೇಳಬೇಕಾದರೆ ಅದರೊಳಗೆ ಮತ್ತೊಮ್ಮೆ ಹೋಗಿ ಬರಬೇಕು. ನಾನು ಮೊದಲಿನಿಂದ ಒಂದೊಂದೇ ಹೆಜ್ಜೆ ಹೇಳುತ್ತ ಹೋದೆ. ಅವನು ಎರಡು ಕಡೆ ತಡೆದ. ತಿರುವಿನಲ್ಲಿ ಕೂತಿದ್ದ ಗ್ರೀಸನ್ನು ಕಡ್ಡಿಯ ಮೊನೆಯಿಂದ ತೆಗೆಯದೆ ಇದ್ದುದು ಒಂದು. ಉಗುರು ಗೆರೆಯೊಳಗೆ ಇಳಿಯಿತೋ ಇಲ್ಲವೋ ಎಂದು ನೋಡದೆ ಟೋಪಿಯನ್ನು ಬಿಗಿದುದು ಎರಡನೆಯದು. ಟೋಪಿಯನ್ನು ಸಡಿಲಾಗಿ ಕೂಡಿಸಿ, ಹಿಡಿಕೆಯನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಬೇಕು, ಉಗುರು ಗೆರೆಯಲ್ಲಿ ಇಳಿದದ್ದು ಬೆರಳಿಗೆ ತಿಳಿಯುತ್ತದೆ, ಆಮೇಲೆ ಬಿಗಿಯಬೇಕು. ನಾನು ಗೆರೆಯ ದಂಡೆಯ ಮೇಲೆ ಉಗುರನ್ನು ಒತ್ತಿ ಹಿಡಿದು ಹಿಡಿಕೆಗೆ ಜೋರು ಮಾಡಿದ್ದೆ. ನನ್ನ ಮೊಬೈಲಿನ ಚಿತ್ರಗಳಲ್ಲಿ ಯಾವುದು ಎಲ್ಲಿರಬೇಕೆಂಬುದು ಇತ್ತು; ಎಷ್ಟು ಬಿಗಿಯಬೇಕೆಂಬುದು ಇರಲಿಲ್ಲ.

ಮರುದಿನದಿಂದ ನಮ್ಮ ಅಂಗಳವೇ ಕಾರ್ಖಾನೆಯಾಯಿತು. ಮುತ್ಯಾನ ಪೆಟ್ಟಿಗೆಯೊಳಗಿನ ತೆಳುವಾದ ಅರಗಳು ಹೊರಬಂದವು. ನನ್ನ ಕಣ್ಣು, ಅವನ ಬೆರಳು. ನಾನು ನಾಲ್ಕು ಸಲ ತಿಕ್ಕುವುದು, ಅವನು ಹೆಬ್ಬೆರಳಿನ ಉಗುರಿನಿಂದ ಸವರಿ “ಎಡಕ ಹೆಚ್ಚಾಗ್ಯಾದ” ಎನ್ನುವುದು. ಅಲಗಿನ ಕೆಳಗಿನ ಅಂಚು ಸಲಾಕೆಯ ಗುಂಡಿಗೆ ಸರಿಯಾಗಿ ಒಳಬಾಗಿರಬೇಕು. ದಪ್ಪ ಗೆರೆಗಿಂತ ಕೂದಲೆಳೆಯಷ್ಟು ಕಡಿಮೆ ಇರಬೇಕು. ಉದ್ದ ಮಾತ್ರ ಸಂದು ದಾಟುವಷ್ಟು ಇರಲೇಬೇಕು. ವಾಡಿಯ ಹಳಿಗಳ ಮಾತನ್ನು ನಾನು ಹೇಳಿದಾಗ ಅವನ ಮುಖ ಅರಳಿತು. “ಯಾರೂ ಹೇಳಲಾರದೆ ತಿಳ್ಕೊಂಡಿಯಲ್ಲಾ!” ಎಂದ. ಆ ಬೇಸಿಗೆಯಲ್ಲಿ ನನಗೆ ಸಿಕ್ಕ ಪದವಿ ಅದೊಂದೇ.

ಮೊದಲನೆಯ ಕಾಂಡವನ್ನು ನಾನು ಗಿಡ್ಡ ಮಾಡಿದೆ. ಎರಡನೆಯದನ್ನು ತೆಳು ಮಾಡಿದೆ. ಶಹಾಬಾದಿನ ಕಾಕಾ ಹೇಳಿದ ಮಾತು ಅಕ್ಷರಶಃ ನಡೆಯಿತು. ಮೂರನೆಯದಕ್ಕೆ ಮೂರು ಸಂಜೆ ಹಿಡಿಯಿತು. ಸಲಾಕೆಯ ಗೆರೆಗಳನ್ನು, ಅದರಲ್ಲಿಯೂ ತುದಿಯ ತಿರುವುಗಳನ್ನು, ಮೊನೆ ಮಾಡಿದ ಕಡ್ಡಿಯಿಂದ ಕೆರೆದು ತೆಗೆದೆ. ಉಗುರನ್ನು ಇಟ್ಟು, ಟೋಪಿಯನ್ನು ಸಡಿಲಾಗಿ ಕೂಡಿಸಿ, ಹಿಡಿಕೆಯನ್ನು ಆಡಿಸಿದೆ. ಬೆರಳಿಗೆ ಸಣ್ಣಗೆ ‘ಟಿಕ್’ ಎಂದು ತಿಳಿಯಿತು. ಆಮೇಲೆ ಬಿಗಿದೆ. ಕಣ್ಣು ಬಲಕ್ಕೆ ಹೊರಟಿತು. ತುದಿ ಮುಟ್ಟಿತು. ನಾನು ಉಸಿರು ಹಿಡಿದುಕೊಂಡೆ. ಒಂದು ಕ್ಷಣ ನಿಂತಂತೆ ಮಾಡಿ, ಎಡಕ್ಕೆ ಹೊರಳಿತು.

ಮುತ್ಯಾ ಕಿವಿಗೊಟ್ಟು ಕೇಳುತ್ತಿದ್ದ. “ಹೊಳ್ಳಿತು,” ಎಂದ.

ಇಂಥ ರೀಲು ಯಾರ ಮನೆಯಲ್ಲಾದರೂ ಇದ್ದರೆ ಉಪಯೋಗವಾಗಲೆಂದು ಮುತ್ಯಾನ ನಿಯಮಗಳನ್ನು ಇಲ್ಲಿ ಬರೆದಿಡುತ್ತೇನೆ. ಬಿಚ್ಚಿದ ಭಾಗಗಳನ್ನು ಬಿಳಿಯ ಬಟ್ಟೆಯ ಮೇಲೆ, ಬಿಚ್ಚಿದ ಕ್ರಮದಲ್ಲಿ, ಎಡದಿಂದ ಬಲಕ್ಕೆ ಇಡಬೇಕು. ಕೂಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು. ಒಳಗಿನ ದೊಡ್ಡ ಹಲ್ಲುಗಾಲಿಗೆ ಗ್ರೀಸು, ಅದೂ ಹಲ್ಲಿನ ಮೇಲೆ ತೆಳುವಾಗಿ. ಸಲಾಕೆಗೂ ಉಗುರಿಗೂ ಗ್ರೀಸು ಹಚ್ಚಲೇಬಾರದು. ಅವು ತೆರೆದಿರುವುದರಿಂದ ಗ್ರೀಸು ಧೂಳನ್ನು ಹಿಡಿದುಕೊಂಡು ಅರದಂತೆ ತಿಕ್ಕುತ್ತದೆ. ಅಲ್ಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಉರುಳೆಯ ಅಚ್ಚಿನ ಎರಡು ತುದಿಗಳಿಗೂ ಒಂದೊಂದು ಹನಿ. ಹಿಡಿಕೆಯ ಹತ್ತಿರ ನಕ್ಷತ್ರದಂಥ ಚಕ್ರವಿದೆ. ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಹೋಗಬೇಕೆಂಬುದನ್ನು ಅದು ನಿಶ್ಚಯಿಸುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಸಡಿಲಿಸಿಡಬೇಕು, ಇಲ್ಲವಾದರೆ ಒಳಗಿನ ಬಿಲ್ಲೆಗಳು ಅಪ್ಪಚ್ಚಿಯಾಗಿ ಹಿಡಿತ ಕಳೆದುಕೊಳ್ಳುತ್ತವೆ. ರೀಲನ್ನು ಉಸುಕಿನ ಮೇಲೆ ಎಂದೂ ಇಡಬಾರದು. ಎಲ್ಲಕ್ಕಿಂತ ದೊಡ್ಡ ನಿಯಮ ನಿಮಗೆ ಆಗಲೇ ಗೊತ್ತಿದೆ. ತಿರುಗದಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ಕೈಯ ಜೋರು ಆ ಕಾರಣವನ್ನು ಹುಡುಕಿಕೊಡುವುದಿಲ್ಲ.

ಆಗಸ್ಟಿನಲ್ಲಿ ಮುತ್ಯಾನ ಒಂದು ಕಣ್ಣಿಗೆ ಆಪರೇಶನ್ ಆಯಿತು. ದಸರೆ ಕಳೆದ ಮೇಲೆ ಇಬ್ಬರೂ ಬಸ್ಸು ಹತ್ತಿ ಚಿಂಚೋಳಿಗೆ ಅತ್ತೆಯ ಮನೆಗೆ ಹೋದೆವು. ಹೊಲಗಳಲ್ಲಿ ತೊಗರಿ ಹೂವಾಗತೊಡಗಿತ್ತು. ಊರಾಚೆ ಮುಲ್ಲಾಮಾರಿ ನದಿಯ ದಂಡೆಗೆ ಮುತ್ಯಾನನ್ನು ಕೈಹಿಡಿದು ಕರೆದೊಯ್ದೆ. ಗಾಳಕ್ಕೆ ಬದಲು ದಾರದ ತುದಿಗೆ ಒಂದು ನಟ್ಟನ್ನು ಕಟ್ಟಿದ್ದೆವು. ಪರೀಕ್ಷೆ ರೀಲಿನದು, ಮೀನಿನದಲ್ಲ.

ಮೊದಲ ಎಸೆತ ಮುತ್ಯಾನದು. ಈ ಬಗೆಯ ರೀಲಿನಲ್ಲಿ ದಾರ ಹೋಗುವಾಗ ಉರುಳೆಯೂ ತಿರುಗುತ್ತದೆ. ನಟ್ಟಿನ ಓಟ ತಗ್ಗಿದರೂ ಉರುಳೆಯ ಓಟ ತಗ್ಗದಿದ್ದರೆ ದಾರ ಹೊರಗೆ ಹೋಗಲಾರದೆ ಒಳಗೇ ಉಬ್ಬಿ ಸಿಕ್ಕಾಗುತ್ತದೆ. ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ತಡೆಯಬೇಕು. ಮುತ್ಯಾನ ಹೆಬ್ಬೆರಳಿಗೆ ಮೊದಲಿನ ಚುರುಕು ಉಳಿದಿರಲಿಲ್ಲ. ದಾರವೆಲ್ಲ ಗುಬ್ಬಿಯ ಗೂಡಿನಂತಾಯಿತು. ಅವನು ಏನೂ ಅನ್ನಲಿಲ್ಲ. ತನ್ನ ಹೆಬ್ಬೆರಳನ್ನೇ ಒಮ್ಮೆ ನೋಡಿಕೊಂಡು ಕೋಲನ್ನು ನನ್ನ ಕೈಗೆ ಕೊಟ್ಟು ಕಲ್ಲಿನ ಮೇಲೆ ಕೂತ. ನಾನು ಅರ್ಧ ತಾಸು ಸಿಕ್ಕು ಬಿಡಿಸಿದೆ. ಜೋರು ಮಾಡಲಿಲ್ಲ.

ಎರಡನೆಯ ಎಸೆತ ನನ್ನದು. ನಟ್ಟು ಬಹು ದೂರವೇನೂ ಹೋಗಲಿಲ್ಲ, ಆದರೂ ಹೋಯಿತು. ದಾರವನ್ನು ಸುತ್ತಿಕೊಳ್ಳುವಾಗ ಕಣ್ಣು ಬಲಕ್ಕೆ ಹೋಗಿ ಎಡಕ್ಕೆ ಹೊರಳಿತು, ಎಡಕ್ಕೆ ಹೋಗಿ ಬಲಕ್ಕೆ ಹೊರಳಿತು. ಒದ್ದೆಯಾದ ದಾರ ಉರುಳೆಯ ಮೇಲೆ ಸಾಲು ಸಾಲಾಗಿ ಕೂತಿತು. ಮುತ್ಯಾ ಹೊಸ ಕಣ್ಣನ್ನು ಹತ್ತಿರ ತಂದು ಅದನ್ನು ನೋಡಿದ. ತನ್ನ ಉಗುರಿನ ಜಾಗದಲ್ಲಿ ಕೂತಿದ್ದ ನನ್ನ ಉಗುರನ್ನು ಅವನು ಮೊದಲ ಸಲ ಕಣ್ಣಾರೆ ನೋಡಿದ್ದು ಆಗಲೇ. ಆದರೆ ಅದು ಟೋಪಿಯ ಕೆಳಗಿತ್ತು, ಕಾಣಲಿಲ್ಲ. ನಾನು ಹಾಗೆ ಹೇಳಿದೆ.

“ಕಾಣಬಾರದು. ಕಂಡ್ರ ಏನೋ ಬಿಚ್ಚ್ಯಾದ ಅಂತ ಅರ್ಥ,” ಎಂದು ನಕ್ಕ. ಸ್ವಲ್ಪ ಹೊತ್ತಿನ ಮೇಲೆ ಹೇಳಿದ: “ಯುಗಾದಿ ಮುಂದ ಮತ್ತ ಬಿಚ್ಚಿ ತೊಳೀಬೇಕು. ಆ ಸರ್ತಿ ನೀ ಒಬ್ಬನೇ ಬಿಚ್ಚು. ನಾ ಬಾಜೂಕ ಕುಂದರತೀನಿ.”

ಮುರಿದ ಉಗುರಿನ ಎರಡು ತುಂಡುಗಳನ್ನು ನಾನು ಕಾಗದದಲ್ಲಿ ಮಡಿಸಿ ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಪರೀಕ್ಷೆಯ ಕೋಣೆಯಲ್ಲಿ ಒಮ್ಮೆ ಮೇಲ್ವಿಚಾರಕರು ಅದನ್ನು ಬಿಚ್ಚಿಸಿ ನೋಡಿ, ಇದೇನೆಂದು ಕೇಳಿದರು. ಮುತ್ಯಾನ ಉಗುರು ಎಂದೆ. ಅವರು ಮತ್ತೇನನ್ನೂ ಕೇಳದೆ ಮುಂದಿನ ಬೆಂಚಿಗೆ ಹೋದರು. ಅಂದು ಹೇಳಲಾಗದೆ ಉಳಿದ ವಿವರಣೆಯನ್ನು ಈ ಪ್ರಬಂಧದ ಮೂಲಕ ಅವರಿಗೆ ಒಪ್ಪಿಸಿದ್ದೇನೆ.